ಉಪ್ಪುಬಾಯಿಗೆ ಬಿದ್ದ ಸಕ್ಕರೆ

ಮೊನ್ನೆ ಆಳಂದದಿಂದ ಲೀಲಕ್ಕನ ಫೋನ್ ಬಂತು. ಲೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಆಳಂದದ ಕಡೆ ಮದುವೆ ಮಾಡಿಕೊಟ್ಟು ಎಷ್ಟೋ ವರ್ಷಗಳಾದವು. ಕುಶಲ ಕೇಳುವುದಕ್ಕಿಂತ ಮೊದಲು ಕೆಲಸ ಹೇಳುವುದು ಅವಳ ರೂಢಿ.

"ಗಂಗೂ, ಅಪ್ಪನ ಆ ದೊಡ್ಡ ತಾಡಪತ್ರಿ ನಿನ್ನ ಹಂತ್ಯಾಕ ಅದ ಅಲ್ಲ? ಒಂದೀಟು ಬಿಸಲಿಗಿ ಹಾಕಿ ಇಡು. ಐತವಾರ ಒಯ್ಯಾಕ ಬರ್ತೇನಿ."

"ಯಾತಕ್ಕ?" ಎಂದೆ. ಯಾರು ಏನು ಕೇಳಿದರೂ ನನ್ನ ಬಾಯಿಂದ ಮೊದಲು ಬರುವ ಮಾತು ಅದೇ.

"ಸಮುದ್ರಕ್ಕ ಹೊಂಟೇವಿ. ಅಕ್ಷತಾಳ ಪರೀಕ್ಷಾ ಮುಗದಾವ. ಓದಿ ಓದಿ ನನ್ನ ಮಗಳು ಬಡಕಲಾಗ್ಯಾಳ. ದಂಡಿ ಮ್ಯಾಲ ಟೆಂಟ್ ಹೊಡದು ನಾಕ ದಿನ ಇದ್ದು ಬರ್ತೇವಿ."

"ಯಾರ್ಯಾರು ಹೊಂಟೀರಿ?"

"ನಾವ್ ನಾವೇ," ಎಂದಳು. ಹಾಗೆನ್ನುವ ಮೊದಲು ಒಂದು ಗಳಿಗೆ ಸುಮ್ಮನಿದ್ದಳು. ಆ ಗಳಿಗೆಯ ಗುರುತು ನನಗಿದೆ.

ಅಟ್ಟ ಹತ್ತಿ ತಾಡಪತ್ರಿ ಇಳಿಸಿದೆ. ತೊಗರಿ ರಾಶಿ ಮಾಡುವಾಗ ಕಾಳು ಮಣ್ಣಿಗೆ ಬೀಳಬಾರದೆಂದು ಕಣಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಸು ಅದು. ಅಪ್ಪ ಹೊಲವನ್ನು ಪಾಲಿಗೆ ಕೊಟ್ಟ ಮೇಲೆ ಜೇವರ್ಗಿಯ ನಮ್ಮ ಮನೆಗೆ ಬಂದು ಬಿದ್ದಿತ್ತು. ಮಾಳಿಗೆಯ ಮೇಲೆ ಹರಡಿದೆ. ನಮ್ಮ ಊರಿನ ಬಿಸಿಲಿಗೆ ಹೆಚ್ಚು ಹೊತ್ತು ಬೇಕಿಲ್ಲ, ನೋಡುತ್ತಿದ್ದಂತೆ ಕಾದು ವಾಸನೆ ಬಿಟ್ಟಿತು. ಕಾದ ಪ್ಲಾಸ್ಟಿಕ್ಕು, ತೊಗರಿ ಹೊಟ್ಟು, ಅಪ್ಪನ ತಂಬಾಕು. ಒಂದು ಮೂಲೆಯ ತೂತಿನಲ್ಲಿ ಕೊಯ್ದ ಹಗ್ಗದ ತುಂಡು ಹಾಗೇ ಇತ್ತು. ಅದನ್ನು ಕಂಡದ್ದೇ ತಡ, ನಾಲಿಗೆಯ ಮೇಲೆ ಸಕ್ಕರೆ ಬಂದಂತಾಯಿತು, ಹಿಂದೆಯೇ ಸಿಟ್ಟು ಬಂತು. ಇಷ್ಟು ವರ್ಷವಾದ ಮೇಲೂ ಎರಡೂ ಕೂಡಿಯೇ ಬರುತ್ತವೆ.

ಆ ವರ್ಷ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಮನೆ ನೆಲೋಗಿಯಲ್ಲಿ, ಕಾಲೇಜು ಜೇವರ್ಗಿಯಲ್ಲಿ. ಬೆಳಗಿನ ಬಸ್ಸಿಗೆ ನೇತಾಡಿಕೊಂಡು ಹೋಗಿ, ಸಂಜೆಯ ಬಸ್ಸಿಗೆ ಜೋಳದ ಚೀಲಗಳ ನಡುವೆ ಕುಳಿತು ಬರುತ್ತಿದ್ದೆ. ಬಿ.ಎಡ್. ಮುಗಿಸಿ ಮಾಸ್ತರಿಣಿಯಾಗಬೇಕು ಎನ್ನುವುದೊಂದೇ ನನ್ನ ಹಟ. ಅದು ಮುಗಿಯುವವರೆಗೆ ಯಾರೂ ನನ್ನನ್ನು ಹೆಣ್ಣು ನೋಡಲು ಬರಬಾರದು ಎಂದು ಅಪ್ಪನಿಂದ ಮಾತು ತೆಗೆದುಕೊಂಡಿದ್ದೆ. ಅಪ್ಪ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು, "ಮನಿಗಿ ಯಾರನ್ನೂ ಕರಸಂಗಿಲ್ಲವ್ವ," ಎಂದಿದ್ದ. ಲಿಂಗ ಮುಟ್ಟಿ ಆಡಿದ ಮೇಲೆ ಮುಗಿಯಿತು ಎಂದುಕೊಂಡು ಹಾಯಾಗಿದ್ದೆ.

ಆ ಹಟ ಹುಟ್ಟಿದ್ದು ಲೀಲಕ್ಕನಿಂದಲೇ. ಅವಳನ್ನು ನೋಡಲು ಬಂದವರಿಗೆ ಲೆಕ್ಕವಿಲ್ಲ. ಪ್ರತಿ ಸಲ ಸೀರೆ ಉಟ್ಟು, ಚಹಾದ ತಾಟು ಹಿಡಿದು, ತಲೆ ತಗ್ಗಿಸಿ ಹೊರಗೆ ಬರಬೇಕು. ಒಬ್ಬರು ನಡೆದು ತೋರಿಸು ಎಂದರು. ಇನ್ನೊಬ್ಬರು ಕೂದಲು ಸ್ವಂತದ್ದೋ ಅಲ್ಲವೋ ಎಂದು ಜಡೆ ಎಳೆದು ನೋಡಿದರು. ಚಕ್ಕುಲಿ ಕಡಿಯಲು ಕೊಟ್ಟು ಹಲ್ಲು ಪರೀಕ್ಷೆ ಮಾಡಿದವರೂ ಇದ್ದರು. ಕೊನೆಗೊಂದು ದಿನ, ಬಂದವರು ಹೋದ ಮೇಲೆ, ಅಕ್ಕ ಒಳಕೋಣೆಯಲ್ಲಿ ಜೋಳದ ಚೀಲಕ್ಕೆ ಮುಖ ಒತ್ತಿ ಅಳುತ್ತಿದ್ದಳು. ನಾನಿನ್ನೂ ಲಂಗದ ಹುಡುಗಿ, ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರುತ್ತಿದ್ದೆ. ಆಗ ಅವಳೇ ನನ್ನ ಕೈ ಹಿಡಿದು ಹೇಳಿದ್ದಳು, "ನಿನಗ ಈ ತಾಟು ಹಿಡಸಗೊಡಂಗಿಲ್ಲ. ನಾ ಅಡ್ಡ ನಿಲ್ತೇನಿ ನೋಡು." ಅಪ್ಪನ ಮಾತಿಗಿಂತ ನಾನು ನಂಬಿದ್ದು ಈ ಮಾತನ್ನು.

ಆ ಸಲ ತೊಗರಿ ಚೆನ್ನಾಗಿ ಬಂದಿತ್ತು. ರಾಶಿ ಮುಗಿದು ಎಳ್ಳಮಾವಾಸ್ಯೆಯೂ ಬಂತು. ನಮಗೆ ಗೊತ್ತಿದ್ದ ಪ್ರವಾಸವೆಂದರೆ ಅದೊಂದೇ: ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಮಾಡಿ ತಂದ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು, ಸಜ್ಜೆ ರೊಟ್ಟಿ ಭಜ್ಜಿ ಉಂಡು ಮರದ ನೆರಳಿಗೆ ಮಲಗುವುದು. ಹಬ್ಬಕ್ಕೆ ಬಂದ ಲೀಲಕ್ಕ ಹೊಲದಲ್ಲಿ ಉಣ್ಣುತ್ತಾ, "ಈ ಸಲ ಸಮುದ್ರಕ್ಕ ಹೋಗೂಣೇನು? ತಾಡಪತ್ರೀದೇ ಟೆಂಟ್ ಹೊಡದ್ರಾತು. ಗಂಗೂಗ ಸಮುದ್ರ ನೋಡೂದು ಭಾಳ ಆಸೆ ಅದ," ಎಂದಳು.

ಅಪ್ಪ ಬೈಯುತ್ತಾನೆ ಎಂದು ಕಾದೆ. ಕಲಬುರಗಿಗೆ ಹೋಗಿ ಬಾ ಎಂದರೂ ಹತ್ತು ಸಬೂಬು ಹೇಳುವ ಮನುಷ್ಯ, "ಹೋಗೂಣಲ್ಲ," ಎಂದುಬಿಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಮುದ್ರ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

"ಯಾರ್ಯಾರು?" ಎಂದು ಅವ್ವನನ್ನು ಕೇಳಿದೆ. ಅವ್ವ ಅಕ್ಕನ ಮುಖ ನೋಡಿದಳು.

"ನಾವ್ ನಾವೇ," ಎಂದಳು ಅಕ್ಕ.

ಹೊರಡುವ ಹಿಂದಿನ ದಿನ ಅವ್ವ ರೊಟ್ಟಿ ತಟ್ಟಲು ಕುಳಿತವಳು ಏಳಲೇ ಇಲ್ಲ. ನಾಲ್ಕು ಜನರಿಗೆ ಇಷ್ಟು ರೊಟ್ಟಿ ಯಾತಕ್ಕೆ ಎಂದರೆ, "ಸಮುದ್ರದ ಗಾಳಿಗಿ ಹಸಿವಿ ಭಾಳ ಅಂತ," ಎಂದಳು. ಜನ್ಮದಲ್ಲಿ ಸಮುದ್ರ ಕಾಣದವಳಿಗೆ ಅದರ ಗಾಳಿಯ ಗುಣ ಹೇಗೆ ತಿಳಿಯಿತು ಎಂದು ನಾನು ನಕ್ಕೆ. ಅವ್ವ ನಗಲಿಲ್ಲ, ಹಿಟ್ಟು ನಾದುತ್ತಲೇ ಇದ್ದಳು.

ಬಾಡಿಗೆ ಗಾಡಿಯಲ್ಲಿ ವಿಜಯಪುರ, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಗೋಕರ್ಣದ ಆಚೆಗಿನ ಒಂದು ಸಣ್ಣ ಊರಿನ ದಂಡೆಗೆ ಮುಟ್ಟಿದೆವು. ಬಿಸಿಲೋ ಬಿಸಿಲು. ನಮ್ಮ ಕಡೆಯದೇ ಬಿಸಿಲು, ಆದರೆ ಇಲ್ಲಿ ಅದಕ್ಕೆ ಗಾಳಿಯ ಜೊತೆ ಇತ್ತು. ಮುಂದೆ ಅಷ್ಟು ದೊಡ್ಡ ನೀರು. ಅಪ್ಪ ಬಹಳ ಹೊತ್ತು ನೋಡಿ, "ಇಷ್ಟು ನೀರದ, ಒಂದು ಎಕರೆ ತೊಯ್ಯಂಗಿಲ್ಲ," ಎಂದ. ಅಲ್ಲಿಗೆ ಅಪ್ಪನ ಸಮುದ್ರದರ್ಶನ ಮುಗಿಯಿತು.

ಟೆಂಟ್ ಹೊಡೆಯಲು ಶುರು ಮಾಡಿದೆವು. ನಮ್ಮದು ಎರೆಭೂಮಿ. ಅಲ್ಲಿ ಗೂಟ ಒಮ್ಮೆ ಹೊಡೆದರೆ ಎತ್ತು ಜಗ್ಗಿದರೂ ಬರುವುದಿಲ್ಲ. ಅಪ್ಪ ಅದೇ ಧಿಮಾಕಿನಿಂದ ಉಸುಕಿನಲ್ಲಿ ಗೂಟ ಬಡಿದ, ತಾಡಪತ್ರಿ ಎಳೆದು ಕಟ್ಟಿದ, ಒಳಗೆ ಹೋಗಿ ಕುಳಿತ. ಒಂದು ಗಾಳಿ ಬೀಸಿತು. ಗೂಟಗಳೆಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ಮೇಲೆದ್ದವು, ತಾಡಪತ್ರಿ ಅಪ್ಪನ ಮೇಲೆ ಬಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ಟೆಂಟ್ ಹಾಕಿಕೊಂಡಿದ್ದ ಒಬ್ಬ ಹಿರಿಯರು ಬಂದರು. ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ, ಮಾತು ನಮ್ಮದೇ. "ಉಸುಕಿನಾಗ ಗೂಟ ನೆಟ್ಟಗ ಹೊಡದ್ರ ನಿಲ್ಲಂಗಿಲ್ರಿ. ಹಗ್ಗ ಕಟ್ಟಿ ಗೂಟ ಅಡ್ಡ ಮಲಗಸ್ರಿ, ಮ್ಯಾಲ ಉಸುಕು ಮುಚ್ಚಿ ತುಳೀರಿ," ಎಂದರು. ಹಾಗೇ ಮಾಡಿದೆವು. ಟೆಂಟ್ ಅಲುಗಲಿಲ್ಲ. ಅವರು ಅಫಜಲಪುರ ತಾಲ್ಲೂಕಿನ ಮಣ್ಣೂರಿನವರಂತೆ. ಭೀಮಾ ದಂಡೆಯ ಜನ, ಉಸುಕಿನ ಸ್ವಭಾವ ಗೊತ್ತಿದ್ದವರು. ಹೆಂಡತಿ ನೀಲಮ್ಮ, ಮಗ ಮಲ್ಲಿಕಾರ್ಜುನ ಜೊತೆಗಿದ್ದರು. ಮಗನಿಗೆ ಅಫಜಲಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ನಾವು ಇಷ್ಟು ದೂರ ಬಂದಲ್ಲಿ ನಮ್ಮವರೇ ಸಿಕ್ಕರಲ್ಲ ಎಂದು ನನಗಂತೂ ಖುಷಿಯೋ ಖುಷಿ. ಬಂದ ಮೊದಲ ಊಟಕ್ಕೇ ಎರಡೂ ಮನೆಯ ಬುತ್ತಿ ಒಂದಾಯಿತು. ಅವ್ವನ ರೊಟ್ಟಿ ಎಲ್ಲರಿಗೂ ಸರಿಯಾಗಿ ಸಾಲಿತು.

ಆ ದಿನಗಳು ಹೇಗಿದ್ದವು ಎಂದು ಹೇಳಲು ಇವತ್ತಿಗೂ ಕಷ್ಟ. ಚೆನ್ನಾಗಿದ್ದವು ಎನ್ನಲು ಮನಸ್ಸು ಒಪ್ಪುವುದಿಲ್ಲ, ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆಲೋಗಿಯಲ್ಲಿ ನಾನು ಓಣಿಯಲ್ಲಿ ಜೋರಾಗಿ ನಕ್ಕವಳಲ್ಲ. ಇಲ್ಲಿ ಚೂಡಿದಾರದ ಕಾಲು ಮಡಚಿ ತೆರೆಯ ಹಿಂದೆ ಓಡಿದೆ, ಕಿರುಚಿದೆ, ಬಿದ್ದೆ, ಎದ್ದೆ. ಉಸುಕಿನ ಮೇಲೆ ಚೌಕಾಬಾರದ ಮನೆ ಬರೆದು ಆ ಹಿರಿಯರನ್ನು ಸೋಲಿಸಿ, "ನಿಮ್ಮ ಕಾಯಿ ಭೀಮಾದಾಗ ಮುಳಗ್ಯಾವ್ ನೋಡ್ರಿ," ಎಂದು ಛೇಡಿಸಿದೆ. ಅವರೂ ನಕ್ಕರು. ಅವ್ವ ಹೊಲಕ್ಕೆ ಮಾಡುವಂತೆ ಸಮುದ್ರಕ್ಕೂ ಚರಗ ಚೆಲ್ಲಿದಳು. ತೆರೆ ಬಂದು ಭಜ್ಜಿ ರೊಟ್ಟಿ ಒಯ್ದಿತು. ಅದನ್ನು ನೋಡಿ ಮೈಮರೆತು ಕುಣಿದೆ. ಅಕ್ಕ ದೂರ ಕುಳಿತು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಸಂತೋಷ ಕಂಡು ಅಳುತ್ತಿದ್ದಾಳೆ ಎಂದುಕೊಂಡೆ.

ನೀಲಮ್ಮ ನನ್ನನ್ನು ಬಹಳ ಹಚ್ಚಿಕೊಂಡರು. ಬೋರಿನ ನೀರು ತರಲು ನನ್ನನ್ನೇ ಕರೆಯುವರು, ಕೊಡ ಹೊತ್ತು ಬರುವಾಗ ಹಿಂದೆ ನಿಂತು ನೋಡುವರು. ನನ್ನ ಒದ್ದೆ ಕೂದಲನ್ನು ಅವರೇ ಬಾಚಿ ಹೆಣೆದರು. "ಎಷ್ಟು ದಪ್ಪ ಅವಬೇ ಎವ್ವಾ ಕೂದಲಾ," ಎಂದು ಜಡೆಯನ್ನು ಒಮ್ಮೆ ಮೆಲ್ಲಗೆ ಎಳೆದರು. ಹುರಿಗಡಲೆ ಕೊಟ್ಟು ತಿನ್ನು ಎಂದರು. ತಿಂದೆ. ಹೀಗೆ ಅಕ್ಕರೆಯಿಂದ ಮಾಯೆ ಮಾಡುವ ಹೆಂಗಸು ಸಿಕ್ಕರೆ ಯಾರಿಗೆ ಬೇಡ?

ಒಂದು ಸಂಜೆ ದೊಡ್ಡ ತೆರೆಯೊಂದು ನನ್ನನ್ನು ಕೆಡವಿತು. ಮೂಗು ಬಾಯಿಗೆಲ್ಲ ಉಪ್ಪುನೀರು ಹೋಗಿ ಕೆಮ್ಮುತ್ತಾ ದಂಡೆಗೆ ಬಂದು ಕುಳಿತೆ. ನೀಲಮ್ಮ ತಮ್ಮ ಡಬ್ಬಿ ಹಿಡಿದು ಬಂದರು. "ಉಪ್ಪ ನುಂಗಿದಿ. ಬಾಯಿ ತೆರಿ, ಸಿಹಿ ಮಾಡ್ಕೋ," ಎಂದು ಬಲಗೈಯಿಂದ ಒಂದು ಚಿಟಿಕೆ ಸಕ್ಕರೆ ನನ್ನ ಬಾಯಿಗೆ ಹಾಕಿದರು. ಉಪ್ಪಿನ ಮೇಲೆ ಆ ಸಕ್ಕರೆ ಬಹಳ ರುಚಿಸಿತು. ಇನ್ನೊಂದಿಷ್ಟು ಕೊಡ್ರಿ ಎಂದು ನಾನೇ ಬಾಯಿ ತೆರೆದೆ. ಎಲ್ಲರೂ ನಕ್ಕರು. ಅವ್ವ ಮತ್ತು ಅಕ್ಕ ಇಬ್ಬರೂ ಒಟ್ಟಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಗಾಳಿಗೆ ಎಂದುಕೊಂಡೆ. ಅಪ್ಪ ಮತ್ತು ಆ ಹಿರಿಯರು ಒಬ್ಬರಿಗೊಬ್ಬರು ಕೈಮುಗಿದರು. ಸೂರ್ಯನಿಗೆ ಎಂದುಕೊಂಡೆ.

ನಮ್ಮ ಕಡೆ ಹೆಣ್ಣು ಒಪ್ಪಿಗೆಯಾದರೆ ಗಂಡಿನ ತಾಯಿ ಹೆಣ್ಣಿನ ಬಾಯಿಗೆ ಸಕ್ಕರೆ ಹಾಕುತ್ತಾಳೆ. ಹೆಣ್ಣು ಅದನ್ನು ತಿಂದರೆ ಮಾತು ಮುಗಿಯಿತು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅಕ್ಕನಿಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ಅದು ಮನೆಯಲ್ಲಿ, ಸೀರೆ ಉಡಿಸಿ, ಕಂಬಳಿ ಹಾಸಿ, ಐದು ಜನ ಮುತ್ತೈದೆಯರ ಮುಂದೆ ಆಗುವ ಕೆಲಸ. ಒದ್ದೆ ಬಟ್ಟೆಯಲ್ಲಿ ಉಸುಕಿನ ಮೇಲೆ ಕುಳಿತು ಕೆಮ್ಮುವವಳಿಗೆ ಅದು ಹೇಗೆ ಹೊಳೆಯಬೇಕು?

ಮರುದಿನ ಬೆಳಿಗ್ಗೆ ಬೋರಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದೆ. ಮಲ್ಲಿಕಾರ್ಜುನ ಬಂದು ಸ್ವಲ್ಪ ದೂರ ನಿಂತ. ಅಷ್ಟು ದಿನ ನನ್ನೊಂದಿಗೆ ಹೆಚ್ಚು ಮಾತಾಡಿದವನಲ್ಲ. ನೆಲ ನೋಡುತ್ತಾ, "ಲಗ್ನ ಆದ ಮ್ಯಾಲ ನೀವು ಬಿ.ಎಡ್. ಮಾಡಾಕ ನಂದೇನೂ ತಕರಾರ ಇಲ್ಲರಿ. ಅಫಜಲಪುರದಿಂದ ಬಸ್ ಅದಾವ," ಎಂದ.

"ಯಾರ ಲಗ್ನ?" ಎಂದೆ.

ಅವನು ತಲೆ ಎತ್ತಿದ. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ನಿನ್ನಿ ಸಕ್ಕರಿ ತಿಂದ್ರೆಲ್ಲರಿ," ಎಂದ. ಆಮೇಲೆ ಇನ್ನೂ ಮೆಲ್ಲಗೆ, "ನಿಮಗ ಹೇಳಿಲ್ಲೇನ್ರಿ? ನಿಮ್ಮಕ್ಕಾರು ಎಲ್ಲಾ ಹೇಳೇನಿ, ಹುಡುಗಿ ಖುಷೀಲೆ ಒಪ್ಯಾಳ ಅಂದಿದ್ರು. ದೀಪಾವಳಿಯಿಂದ ಮಾತು ನಡದಾವ್ರಿ," ಎಂದ.

ಕೈಯಲ್ಲಿದ್ದ ಪಾತ್ರೆ ಅಲ್ಲೇ ಬಿಟ್ಟು ಟೆಂಟಿಗೆ ಹೋದೆ. ತಾಡಪತ್ರಿ ಬಿಸಿಲಿಗೆ ಕಾದು ಒಳಗೆ ಉಸಿರು ಕಟ್ಟುವಂಥ ವಾಸನೆ. ಮೂವರೂ ಚಹಾ ಕುಡಿಯುತ್ತಿದ್ದರು. ನನ್ನ ಮುಖ ನೋಡಿಯೇ ಅವ್ವ ಲೋಟ ಕೆಳಗಿಟ್ಟಳು. ನಾನು ಮೊದಲು ಅಪ್ಪನನ್ನು ಕೇಳಿದೆ, ಲಿಂಗ ಮುಟ್ಟಿ ಮಾತು ಕೊಟ್ಟಿದ್ದಿಲ್ಲವೇ ಎಂದು.

"ಮನಿಗಿ ಯಾರನ್ನೂ ಕರಸಿಲ್ಲಲ್ಲ ನಾ," ಎಂದ ಅಪ್ಪ. ಹೇಳಿದವನು ನನ್ನ ಮುಖ ಮಾತ್ರ ನೋಡಲಿಲ್ಲ, ಮೂಲೆಯ ಹಗ್ಗ ನೋಡುತ್ತಿದ್ದ.

ಅಕ್ಕ ಎದ್ದು ನನ್ನ ಕೈ ಹಿಡಿಯಲು ಬಂದಳು. "ಗಂಗೂ, ನಾ ಎಷ್ಟು ಸಲ ತಾಟು ಹಿಡದೇನಿ ನಿನಗ ಗೊತ್ತದ. ನಿನಗ ಆ ಗತಿ ಬ್ಯಾಡ ಅಂತ ಹಿಂಗ ಮಾಡಿದೆ. ಛಲೋ ಮಂದಿ. ನೀ ನಕ್ಕೋತ ಇದ್ದಿ, ಅವರು ನಿನ್ನ ನಗೂದೇ ನೋಡಿ ಒಪ್ಪಿದ್ರು. ಇದರಾಗ ನಿನಗ ಏನ್ ನೋವಾತು ಹೇಳು."

"ಯಾರ ಮುಂದ ನಗಾಕತ್ತೇನಿ ಅಂತ ನನಗ ಗೊತ್ತಿರಲಿಲ್ಲ," ಎಂದೆ.

ಅಕ್ಕನಿಗೆ ಅದು ಅರ್ಥವಾಗಲಿಲ್ಲ. ಇವತ್ತಿಗೂ ಆಗಿಲ್ಲ. ಅವಳ ಪ್ರಕಾರ ಅವಳು ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ, ನನಗೆ ತಾಟು ಹಿಡಿಸಲಿಲ್ಲ. ನನಗೋ ತಾಟೇ ವಾಸಿಯಿತ್ತು ಅನಿಸುತ್ತದೆ. ತಾಟು ಹಿಡಿದವಳಿಗೆ ತನ್ನನ್ನು ನೋಡುತ್ತಿದ್ದಾರೆ ಎಂದಾದರೂ ತಿಳಿದಿರುತ್ತದೆ. ತಲೆ ತಗ್ಗಿಸಿ ಒಂದಿಷ್ಟನ್ನು ತನಗಾಗಿ ಉಳಿಸಿಕೊಳ್ಳಬಹುದು. ನಾನು ಏನನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ತೋರಿಸಿಬಿಟ್ಟಿದ್ದೆ.

ಮಧ್ಯಾಹ್ನದೊಳಗೆ ಮಣ್ಣೂರಿನವರ ಟೆಂಟಿನಿಂದ ಜೋರು ಮಾತು ಕೇಳಿಸಿತು. ಮಲ್ಲಿಕಾರ್ಜುನನದೇ ದನಿ. "ಅಕಿಗಿ ಗೊತ್ತೇ ಇಲ್ಲಬೇ ಅವ್ವ. ಗೊತ್ತಿಲ್ಲದ ಹುಡುಗಿ ಬಾಯಾಗ ಹೆಂಗ ಸಕ್ಕರಿ ಹಾಕ್ದಿ? ನಂಗ ಈ ಲಗ್ನ ಬ್ಯಾಡ." ನೀಲಮ್ಮ ನನ್ನ ಹತ್ತಿರ ಬಂದರು. ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ಅವರು ನಮಗಿಂತ ಮೊದಲು ಗಂಟುಮೂಟೆ ಕಟ್ಟಿದರು. ಆ ಇಡೀ ದಂಡೆಯಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ, ಅವನು ಪರಕೀಯ. ಸುಳ್ಳು ಹೇಳಿದ ನನ್ನವರು ಮೂವರೂ ಒಂದೇ ತಾಡಪತ್ರಿಯ ಕೆಳಗೆ ನನ್ನ ಮಗ್ಗುಲಲ್ಲಿ ಮಲಗಿದ್ದವರು.

ನಮ್ಮ ಟೆಂಟ್ ಬಿಚ್ಚುವಾಗ ಅಡ್ಡ ಮಲಗಿಸಿದ ಗೂಟಗಳು ಮೇಲೆ ಬರಲೇ ಇಲ್ಲ. ಅಗೆದು ತೆಗೆಯಿರಿ ಎಂದು ಹೇಳುವವರು ಹೋಗಿಬಿಟ್ಟಿದ್ದರು. ಅಪ್ಪ ಕುಡುಗೋಲಿನಿಂದ ಹಗ್ಗ ಕೊಯ್ದು ಗೂಟಗಳನ್ನು ಅಲ್ಲೇ ಬಿಟ್ಟ.

ಊರಿನಲ್ಲಿ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಸಕ್ಕರೆ ತಿಂದ ಹುಡುಗಿಯನ್ನು ಗಂಡಿನವರು ಬೇಡ ಎಂದರಂತೆ, ಸಮುದ್ರದಲ್ಲಿ ಗಂಡು ಹುಡುಗರಂತೆ ಕುಣಿದಳಂತೆ ಎಂದು ಜನ ಆಡಿಕೊಂಡರು. ಮನೆಯವರು ಒಬ್ಬರೂ ಹಾಗಲ್ಲ ಹೀಗೆ ಎಂದು ಹೇಳಲಿಲ್ಲ. ಹೇಳಬೇಕಾದರೆ ತಮ್ಮ ಸುಳ್ಳನ್ನೂ ಹೇಳಬೇಕಾಗುತ್ತಿತ್ತು. ನಾನು ಬಿ.ಎಡ್. ಮುಗಿಸಿದೆ, ಜೇವರ್ಗಿಯಲ್ಲಿ ಕೆಲಸ ಹಿಡಿದೆ. ಲಗ್ನವೂ ಆಯಿತು. ಇವರು ಮೊದಲ ಸಲ ಮನೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ಯಾತಕ್ಕ ಬಂದೀರಿ, ಮೊದಲು ಹೇಳ್ರಿ," ಎಂದಿದ್ದೆ. ಅದನ್ನು ಈಗಲೂ ಹೇಳಿ ನಗುತ್ತಾರೆ. ಶಾಲೆಯಲ್ಲಿ ಯಾರಾದರೂ ಪೇಢೆ ಹಂಚಿದರೆ ಯಾತಕ್ಕೆ ಎಂದು ತಿಳಿಯದೆ ನಾನು ಬಾಯಿಗೆ ಹಾಕುವುದಿಲ್ಲ. ಮೇಡಂಗೆ ಸಕ್ಕರೆ ಕಾಯಿಲೆಯ ಹೆದರಿಕೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಇರಲಿ ಬಿಡಿ.

ಆಮೇಲೆ ನಾನು ಸಮುದ್ರಕ್ಕೆ ಹೋಗಿಲ್ಲ. ಮಕ್ಕಳು ಕೇಳುತ್ತವೆ, ಇವರೂ ಕರೆಯುತ್ತಾರೆ. ಆದರೆ ನೀರಿಗೆ ಇಳಿದ ಕೂಡಲೇ ತಿರುಗಿ ದಂಡೆಯ ಮೇಲೆ ಯಾರು ಕುಳಿತಿದ್ದಾರೆ ಎಂದು ನೋಡುತ್ತೇನೆ ಎಂಬುದು ನನಗೆ ಗೊತ್ತು. ಹಾಗೆ ನೋಡುತ್ತಾ ಆಡುವುದು ಆಟವಲ್ಲ.

ಮಾಳಿಗೆಯ ಮೇಲೆ ನಿಂತೇ ಅಕ್ಷತಾಗೆ ಫೋನ್ ಹಚ್ಚಿದೆ. ಅಕ್ಕನ ಮಗಳು, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಇನ್ನೊಂದು ವರ್ಷವಿದೆ. ಅದು ಮುಗಿಯುವವರೆಗೆ ಲಗ್ನದ ಮಾತು ಬೇಡ ಎಂದು ಅವಳೂ ಹಟ ಹಿಡಿದಿದ್ದಾಳೆ ಎಂದು ನನಗೆ ಗೊತ್ತಿತ್ತು. "ಸಮುದ್ರಕ್ಕ ಹೊಂಟೇವಂತ ಚಿಗವ್ವ. ನಾವ್ ನಾವೇ ಅಂತ," ಎಂದಳು. ಅವಳ ದನಿಯಲ್ಲಿ ನನ್ನದೇ ಆ ವರ್ಷದ ಖುಷಿ ಇತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಆದರೂ ಗೂಟದಿಂದ ಹಿಡಿದು ಸಕ್ಕರೆಯವರೆಗೆ ಎಲ್ಲವನ್ನೂ ಹೇಳಿದೆ.

ಎಲ್ಲ ಕೇಳಿದ ಮೇಲೆ ಅವಳೆಂದಳು, "ಆ ಸಕ್ಕರಿ ತಿಂತೀಯೇನು ಅಂತ ಯಾರರೆ ಕೇಳಿದ್ರ ನೀ ಏನಂತಿದ್ದಿ ಚಿಗವ್ವ?"

"ಗೊತ್ತಿಲ್ಲವ್ವ. ಅವ ಛಲೋ ಹುಡುಗ ಇದ್ದ. ಕೇಳಿದ್ರ ಹೂಂ ಅಂತಿದ್ದೆನೋ ಏನೋ. ಕೇಳಲೇ ಇಲ್ಲಲ್ಲ."

ಐತವಾರ ಲೀಲಕ್ಕ ಬಂದಳು. ಬರುವಾಗ ನನ್ನ ಮಕ್ಕಳಿಗೆ ಉಂಡಿ ತಂದಿದ್ದಳು. ಮಾಳಿಗೆಯ ಮೇಲೆ ಇಬ್ಬರೂ ಕೂಡಿ ತಾಡಪತ್ರಿ ಮಡಚಲು ನಿಂತೆವು. ಅವಳು ಆ ತುದಿ, ನಾನು ಈ ತುದಿ. ಒಂದು ಮಡಿಕೆ ಹಾಕಿದ ಮೇಲೆ ಹೇಳಿದೆ, "ಅಕ್ಷತಾಗ ಎಲ್ಲಾ ಹೇಳೇನಿ."

"ಏನು?"

"ನನಗ ಸಕ್ಕರಿ ಹಾಕಿದ್ದು."

ಅಕ್ಕನ ಕೈಯಿಂದ ತುದಿ ಜಾರಿತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಮೇಲೇ ಕುಸಿದು ಕುಳಿತಳು. ಬೈಯುತ್ತಾಳೆ ಎಂದುಕೊಂಡೆ, ಇಲ್ಲವೇ "ನಾ ಅಂಥಾಕೇನು?" ಎಂದು ಅಳುತ್ತಾಳೆ ಎಂದುಕೊಂಡೆ. ನನ್ನ ಅನುಮಾನ ಸುಳ್ಳಾಗಲಿ, ಅವಳು ನನಗೆ ಬೈಯಲಿ ಎಂದು ನಿಜವಾಗಿಯೂ ಬೇಡಿಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಗಂಡಿನವರು ಗಾಡಿ ಬುಕ್ ಮಾಡ್ಯಾರ ಗಂಗೂ. ಈಗ ಅವರಿಗಿ ನಾ ಏನಂತ ಹೇಳ್ಲಿ?"

ಅವಳು ಬಿಟ್ಟ ತುದಿಯನ್ನೂ ನಾನೇ ಹಿಡಿದು ತಾಡಪತ್ರಿ ಮಡಚಿದೆ, ಹಗ್ಗದಿಂದ ಕಟ್ಟಿದೆ, ಅವಳ ಮುಂದೆ ತಂದಿಟ್ಟೆ.

"ಒಯ್ಯಿ," ಎಂದೆ. "ಹುಡುಗೀಗಿ ಸಮುದ್ರ ತೋರಸು. ನೀವ್ ನೀವೇ ಹೋಗ್ರಿ."